ಮೌತ್‌ಪೀಸಿನ ಆಯ್ಕೆ: ಮೊದಲು ತುಟಿ, ಆಮೇಲೆ ಬೆಲೆ

(ಬೆಳಗಾವಿಯಲ್ಲಿ ಬ್ಯಾಂಡ್ ಕಲಾವಿದರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಬ್ಯಾಂಡ್ ಕಂಪನಿಗಳ ಹಿರಿಯರೇ, ಗೆಳೆಯರೇ,

ಲಗ್ನಸರಾಯಿಗೆ ಇನ್ನು ಕೆಲವೇ ವಾರಗಳಿವೆ. ಈ ಹೊತ್ತಿನಲ್ಲಿ ಟ್ರಂಪೆಟ್ಟಿಗೆ ಸಿಕ್ಕಿಸಿ ತುಟಿಗೆ ಹಚ್ಚಿ ಊದುವ ಮೌತ್‌ಪೀಸಿನ ಬಗ್ಗೆ ಮಾತನಾಡಲು ಅವಕಾಶ ಕೊಡಿರೆಂದು ನಾನೇ ಕೇಳಿಕೊಂಡೆ. ಕಳೆದ ತಿಂಗಳು ನನ್ನಲ್ಲಿ ಕಲಿಯುವ ಹುಡುಗನೊಬ್ಬ ಸಾಲ ತೆಗೆದು, ಇಡೀ ಹಂಗಾಮಿನ ದುಡಿಮೆಯ ಬಹುಪಾಲನ್ನು ಒಂದೇ ಒಂದು ವಿದೇಶಿ ಮೌತ್‌ಪೀಸಿಗೆ ಹಾಕಲು ಹೊರಟಿದ್ದ. ಅದನ್ನು ಹಚ್ಚಿದರೆ ಮೇಲಿನ ಸ್ವರಗಳು ತಾವಾಗಿಯೇ ಬರುತ್ತವೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಅವನನ್ನು ತಡೆದೆ. ಆದರೆ ತಡೆದರೆ ಸಾಲದು, ಕಾರಣವನ್ನೂ ಹೇಳಬೇಕು.

ಮೊದಲು ತುಟಿ, ಆಮೇಲೆ ಬೆಲೆ. ಈ ಮಾತನ್ನು ನಾನು ಬಹಳ ನೋವು ತಿಂದು ಕಲಿತೆ. ಇಪ್ಪತ್ತರ ವಯಸ್ಸಿನಲ್ಲಿ ಪರಊರಿನ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಮೌತ್‌ಪೀಸನ್ನು ಕೇಳಿದಷ್ಟು ಹಣ ಕೊಟ್ಟು ತಂದೆ. ಟ್ರಂಪೆಟ್ಟಿಗೆ ಸಿಕ್ಕಿಸಿದರೆ ಅದು ಅಲುಗಾಡುತ್ತಿತ್ತು. ಲಗ್ನಪತ್ರಿಕೆಯ ಅಂಚನ್ನು ಹರಿದು ಸುತ್ತಿ ಬಿಗಿ ಮಾಡಿಕೊಂಡೆ. ಗೋಕಾಕದ ಹತ್ತಿರದ ಹಳ್ಳಿಯಲ್ಲಿ ಮದುಮಗನ ಮೆರವಣಿಗೆ. ಅರ್ಧ ದಾರಿಯಲ್ಲಿ ಎಂಜಲಿಗೆ ಆ ಕಾಗದ ನೆನೆದು ಮುದ್ದೆಯಾಯಿತು. ಕೆಳಗಿನ ಸ್ವರ ಕೂಡಿಸಿದರೆ ಮೇಲಿನದು ಕೂಡದು, ಮೇಲಿನದನ್ನು ಹಿಡಿದರೆ ಕೆಳಗಿನದು ತಪ್ಪುತ್ತಿತ್ತು. ಕ್ಲಾರಿಯೋನೆಟ್ ನುಡಿಸುತ್ತಿದ್ದ ಹಿರಿಯರು ಎರಡು ಸಲ ತಿರುಗಿ ನೋಡಿದರು, ಮೂರನೆಯ ಸಲ ನೋಡಲಿಲ್ಲ. ಆ ನೋಡದೆ ಇದ್ದದ್ದೇ ನನಗೆ ಹೆಚ್ಚು ನೋಯಿಸಿತು. ತಪ್ಪು ನನ್ನ ತುಟಿಯದೇ ಎಂದುಕೊಂಡು ಮುಂದಿನ ಒಂದು ವರ್ಷ ತುಟಿ ಬಾಯುವವರೆಗೆ ಅಭ್ಯಾಸ ಮಾಡಿದೆ. ಕೊನೆಗೆ, ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿ ಇಲ್ಲಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ನೆಲೆಸಿದ್ದ ನನ್ನ ಗುರುಗಳು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಅಲುಗಾಡಿಸಿ, "ತಮ್ಮಾ, ನಿನ್ನ ತುಟೀದೂ ತಪ್ಪಿಲ್ಲ, ಟ್ರಂಪೆಟ್ಟಿನದೂ ತಪ್ಪಿಲ್ಲ. ಇದು ಕಾರ್ನೆಟ್ಟಿಂದು, ಇದರ ಶ್ಯಾಂಕ ಸಣ್ಣದೈತಿ" ಎಂದರು. ಕಾರ್ನೆಟ್ ಎಂದರೆ ಟ್ರಂಪೆಟ್ಟನ್ನು ಹೋಲುವ ಗಿಡ್ಡ ವಾದ್ಯ; ಶ್ಯಾಂಕ್ ಎಂದರೆ ಮೌತ್‌ಪೀಸಿನಲ್ಲಿ ವಾದ್ಯದೊಳಗೆ ಹೋಗುವ ಕೊಳವೆ. ಅಂಗಡಿಯವರು ಅದನ್ನು ಹೇಳಿರಲಿಲ್ಲ. ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ.

ಆದ್ದರಿಂದ ಕೊಳ್ಳುವಾಗ ಮೊದಲ ಪರೀಕ್ಷೆ ಶ್ಯಾಂಕಿನದು. ಅದು ಸುಮಾರು ಒಂದು ಇಂಚು ಒಳಗೆ ಹೋಗಿ, ತಿರುಗಿಸಿದರೆ ಗಟ್ಟಿಯಾಗಿ ಕೂಡಬೇಕು. ಎರಡನೆಯದು ರಿಮ್ಮಿನದು, ಅಂದರೆ ತುಟಿಗೆ ತಾಗುವ ದುಂಡನೆಯ ಅಂಚಿನದು. ಕಣ್ಣು ಮುಚ್ಚಿ ಉಗುರನ್ನು ರಿಮ್ಮಿನ ಸುತ್ತ ನಿಧಾನವಾಗಿ ಒಮ್ಮೆ ಎಳೆಯಿರಿ. ಎಲ್ಲಿಯಾದರೂ ಉಗುರು ತಡೆದರೆ, ಆ ಜಾಗ ನಾಲ್ಕು ತಾಸಿನ ಮೆರವಣಿಗೆಯಲ್ಲಿ ನಿಮ್ಮ ತುಟಿಯನ್ನು ಕೊಯ್ಯುತ್ತದೆ. ನಾವು ಕುರ್ಚಿಯ ಮೇಲೆ ಕುಳಿತು ನುಡಿಸುವವರಲ್ಲ. ತಗ್ಗುದಿನ್ನೆಯ ರಸ್ತೆಯಲ್ಲಿ ನಡೆಯುತ್ತ ನುಡಿಸುವವರು. ಪ್ರತಿ ಹೆಜ್ಜೆಗೂ ರಿಮ್ ತುಟಿಗೆ ಬಡಿಯುತ್ತದೆ. ಅಗಲ ರಿಮ್ ಆ ಭಾರವನ್ನು ಹಂಚಿ ತುಟಿಯನ್ನು ಹೆಚ್ಚು ಹೊತ್ತು ಕಾಯುತ್ತದೆ, ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಸಲೀಸನ್ನು ಸ್ವಲ್ಪ ಕಸಿಯುತ್ತದೆ. ಕಿರಿದಾದದ್ದು ಸಲೀಸು ಕೊಟ್ಟು ಬೇಗ ದಣಿಸುತ್ತದೆ. ನಿಮಗೆ ಯಾವುದು ಬೇಕೆಂಬುದನ್ನು ನಿಮ್ಮ ತುಟಿಯೇ ಹೇಳಬೇಕು, ಅಂಗಡಿಯ ಚೀಟಿಯಲ್ಲ.

ಇನ್ನು ಮೌತ್‌ಪೀಸಿನ ಮಾದರಿಯನ್ನು ಗುರುತಿಸುವ ಅಂಕಿ, ಅಕ್ಷರಗಳ ಗೊಂದಲ. ಆಸ್ಟ್ರಿಯಾದಲ್ಲಿ 1890ರಲ್ಲಿ ಹುಟ್ಟಿ, 1914ರಲ್ಲಿ ನ್ಯೂಯಾರ್ಕಿಗೆ ಹೋಗಿ, 1918ರಲ್ಲಿ ಮೌತ್‌ಪೀಸ್ ತಯಾರಿಸತೊಡಗಿದ ವಿನ್ಸೆಂಟ್ ಬಾಕ್ ಸ್ವತಃ ಟ್ರಂಪೆಟ್ ವಾದಕರು. ಅವರ ಪದ್ಧತಿಯಲ್ಲಿ ಅಂಕಿ ಸಣ್ಣದಾದಷ್ಟೂ ರಿಮ್ಮಿನ ಒಳವ್ಯಾಸ ದೊಡ್ಡದು. ಅಕ್ಷರ ಎ ಕಡೆಗೆ ಹೋದಷ್ಟೂ ಕಪ್, ಅಂದರೆ ರಿಮ್ಮಿನ ಒಳಗಿನ ಬಟ್ಟಲು, ಆಳ. ಯಮಾಹಾ ಕಂಪನಿಯ ಪದ್ಧತಿಯಲ್ಲಿ ಇವೆರಡೂ ತಿರುಗುಮುರುಗು. ಹೀಗಾಗಿ ಬಾಕ್ 7ಸಿ 16.20 ಮಿಲಿಮೀಟರ್ ಇದ್ದರೆ, ಯಮಾಹಾ 11ಬಿ4 16.46 ಮಿಲಿಮೀಟರ್, ಅಂದರೆ ಅದಕ್ಕಿಂತ ದೊಡ್ಡದು. ಬಾಕ್ ಲೆಕ್ಕದಲ್ಲಿ ಅಂಕಿ ಓದಿಕೊಂಡು ತರಿಸಿದವರು ಮೋಸ ಹೋಗುತ್ತಾರೆ. ಬಾಕ್ 7ಸಿಗೂ 3ಸಿಗೂ ಇರುವ ಅಂತರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಅಷ್ಟನ್ನೂ ತುಟಿ ಗುರುತಿಸುತ್ತದೆ. ಆದರೆ ಹೊಸದಕ್ಕೆ ಒಗ್ಗಲು ಅದಕ್ಕೆ ಕನಿಷ್ಠ ಒಂದು ತಿಂಗಳು ಬೇಕು. ವಾರಕ್ಕೊಂದು ಮೌತ್‌ಪೀಸ್ ಬದಲಿಸುವವರು ಆ ತಿಂಗಳನ್ನು ತಮ್ಮ ತುಟಿಗೆ ಎಂದೂ ಕೊಡುವುದಿಲ್ಲ.

ಕಪ್ ಆಳವಾದರೆ ನಾದ ಗಂಭೀರ, ಆಳ ಕಡಿಮೆಯಾದರೆ ಚುರುಕು. ಬಯಲಿನಲ್ಲಿ ಡ್ರಮ್ಮುಗಳನ್ನು ಮೀರಿ ಕೇಳಿಸಬೇಕಾದ ನಮಗೆ ತೀರ ಆಳದ ಕಪ್ ಕಷ್ಟವೇ. ಬಾಕ್ ಲೆಕ್ಕದ ಸಿ ಕಪ್ ಬಹುಪಾಲು ಜನರಿಗೆ ಸಾಕು.

ಈಗ ಬೆಲೆಯ ಮಾತು. ತೀರ ಅಗ್ಗದ್ದನ್ನು ನಾನು ಸಮರ್ಥಿಸುವುದಿಲ್ಲ. ಉತ್ತರ ಪ್ರದೇಶದ ಮೀರತ್ತಿನಲ್ಲಿ ತಯಾರಾಗುವ ವಾದ್ಯಗಳ ಮೇಲೆ ನಮ್ಮ ಬ್ಯಾಂಡುಗಳು ಇಷ್ಟು ವರ್ಷ ಬದುಕಿವೆ, ಆ ಕೈಗಳಿಗೆ ನನ್ನ ನಮಸ್ಕಾರ. ಆದರೆ ವಾದ್ಯದೊಂದಿಗೆ ಬರುವ ಮೌತ್‌ಪೀಸುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವದರ ಬೆಳ್ಳಿಯ ಲೇಪ ಎರಡೇ ಹಂಗಾಮಿಗೆ ಸುಲಿದು ಬರಿ ಹಿತ್ತಾಳೆ ತುಟಿಗೆ ತಾಗುತ್ತದೆ, ಕೆಲವರಿಗೆ ಅದರಿಂದ ತುರಿಕೆ ಏಳುತ್ತದೆ. ಅಲ್ಲಿಂದ ಮೇಲೆದ್ದು, ಹೆಸರಾಂತ ಕಾರ್ಖಾನೆಯ ಸಾಮಾನ್ಯ ಮಾದರಿಗೆ ಕೆಲವು ಸಾವಿರ ರೂಪಾಯಿ ಕೊಡುವುದು ಖಂಡಿತ ಸಾರ್ಥಕ. ಆ ಹಣಕ್ಕೆ ಅಳತೆಯ ನಿಖರತೆ ಸಿಗುತ್ತದೆ, ಕಳೆದುಹೋದರೆ ಅದೇ ಅಳತೆಯ ಇನ್ನೊಂದು ಸಿಗುತ್ತದೆ. ಅದರಾಚೆ, ನೂರಾರು ಡಾಲರ್ ಬೆಲೆಯ, ಮೇಲೆ ಸುಂಕವನ್ನೂ ಹೊತ್ತು ಬರುವ ಭಾರವಾದ ಮೌತ್‌ಪೀಸುಗಳಿವೆ. ಅವು ಸುಳ್ಳಲ್ಲ. ಹೆಚ್ಚಿದ ತೂಕ ನುಡಿಸುವವನ ಕೈಗೂ ಕಿವಿಗೂ ಬೇರೆ ಅನುಭವ ಕೊಡುತ್ತದೆ; ಬೆಳ್ಳಿ ಒಗ್ಗದ ತುಟಿಗೆ ಚಿನ್ನದ ಲೇಪ ನಿಜವಾಗಿ ಹಿತ. ಆದರೆ ಹತ್ತು ಹೆಜ್ಜೆ ದೂರದಲ್ಲಿ ಕುಣಿಯುವವರಿಗೆ ಆ ವ್ಯತ್ಯಾಸ ಮುಟ್ಟುವುದನ್ನು ನಾನು ಕಂಡಿಲ್ಲ, ಮೇಲಿನ ಸ್ವರವನ್ನು ಅದು ಯಾರಿಗೂ ದಾನ ಮಾಡಿದ್ದನ್ನೂ ಕಂಡಿಲ್ಲ. ಸಾಲ ಮಾಡಿ ಅದನ್ನು ಕೊಳ್ಳಬೇಡಿ. ಮೊದಲು ತುಟಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೌತ್‌ಪೀಸಿನ ಗಂಟಲನ್ನು, ಅಂದರೆ ಕಪ್ಪಿನ ತಳದ ರಂಧ್ರವನ್ನು, ಕೊರೆಸಿ ಹಿಗ್ಗಿಸುವ ಚಟದ ಬಗ್ಗೆ ಹೇಳಬೇಕಿತ್ತು: ಸಾಮಾನ್ಯವಾಗಿ ಅದು 3.66 ಮಿಲಿಮೀಟರ್ ಇರುತ್ತದೆ. ಒಮ್ಮೆ ಹಿಗ್ಗಿಸಿದ್ದು ಮತ್ತೆ ಕುಗ್ಗುವುದಿಲ್ಲ, ಕೈ ಹಚ್ಚಬೇಡಿ. ಶ್ಯಾಂಕಿನ ತುದಿ ನೆಗ್ಗಿದ್ದರೆ ಹೊಸದು ಕೊಳ್ಳುವ ಮೊದಲು ರಿಪೇರಿಯವರಿಗೆ ತೋರಿಸಿ. ವಾರಕ್ಕೊಮ್ಮೆ ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆಯಿರಿ.

ಮುಂದಿನ ಮೇಜಿನ ಮೇಲೆ ಮೂರು ಮೌತ್‌ಪೀಸುಗಳಿವೆ. ಒಂದು ವಾದ್ಯದೊಂದಿಗೆ ಬಂದದ್ದು, ಒಂದು ಬಾಕ್ 7ಸಿ, ಇನ್ನೊಂದು ಸ್ನೇಹಿತರಿಂದ ಕಡ ತಂದ ಬಹಳ ಬೆಲೆಯದ್ದು. ಗುರುತು ಕಾಣದಂತೆ ಮೂರಕ್ಕೂ ಬಟ್ಟೆ ಸುತ್ತಿದ್ದೇನೆ. ಪಕ್ಕದಲ್ಲಿ ಸ್ಪಿರಿಟ್ಟೂ ಹತ್ತಿಯೂ ಇವೆ, ಒಬ್ಬರು ಊದಿದ ಮೇಲೆ ಒರೆಸಿಯೇ ಇನ್ನೊಬ್ಬರಿಗೆ ಕೊಡಿ. ಕ್ಲಾರಿಯೋನೆಟ್ಟಿನ ಹಿರಿಯರಿಬ್ಬರು ಗೋಡೆಯ ಕಡೆ ಮುಖ ಮಾಡಿ ಕೂತು ಕೇಳಲು ಒಪ್ಪಿದ್ದಾರೆ. ಸಾಲಕ್ಕೆ ಹೊರಟಿದ್ದ ನನ್ನ ಶಿಷ್ಯನೇ ಮೊದಲು ಬಂದು ಊದಲಿ.