ಟಿಚಾಲಾ ಇಲ್ಲದ ವಕಾಂಡ: ನಮ್ಮೂರಿನ ಪ್ರೇಕ್ಷಕರ ಎರಡು ಆಕ್ಷೇಪಗಳು

ನಮಸ್ಕಾರ. ತುಮಕೂರಿನಿಂದ ಮಾತನಾಡುತ್ತಿದ್ದೇನೆ. ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ಎರಡನೆಯ ಭಾಗವಾದ ‘ವಕಾಂಡ ಫಾರೆವರ್’ 2022ರ ನವೆಂಬರ್ 11ರಂದು ತೆರೆಕಂಡಿತು. ಅಂದಿನಿಂದಲೂ ನಮ್ಮಲ್ಲಿ ಈ ಚಿತ್ರದ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಚಿತ್ರದ ತುಂಬ ಅಳುವೇ ಇದೆ, ಹೊಡೆದಾಟ ಕಡಿಮೆ, ಬಹಳ ಎಳೆದಿದ್ದಾರೆ ಎನ್ನುವುದು ಮೊದಲನೆಯದು. ನಾಯಕನ ಪಾತ್ರವನ್ನೇ ಸಾಯಿಸುವ ಬದಲು ಇನ್ನೊಬ್ಬ ನಟನನ್ನು ಹಾಕಿಕೊಳ್ಳಬಹುದಿತ್ತಲ್ಲ ಎನ್ನುವುದು ಎರಡನೆಯದು. ಇವನ್ನು ಹೇಳುವವರಿಗೆ ಅಭಿರುಚಿಯಿಲ್ಲ ಎಂದು ತಳ್ಳಿಹಾಕುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಎರಡರಲ್ಲಿಯೂ ತೂಕವಿದೆ. ಆದರೆ ಚಿತ್ರ ಎಳೆದಂತೆ ಅನ್ನಿಸಲು ಅದರಲ್ಲಿರುವ ಶೋಕ ಕಾರಣ ಎಂಬ ತೀರ್ಮಾನವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಕಥೆಯ ತಿರುವುಗಳನ್ನೆಲ್ಲ ಇಲ್ಲಿ ಹೇಳಲಿದ್ದೇನೆ. ಚಿತ್ರ ನೋಡದವರು ಮೊದಲು ನೋಡಿ, ಆಮೇಲೆ ಇದನ್ನು ಕೇಳಬೇಕೆಂದು ಕೋರುತ್ತೇನೆ.

ಮೊದಲ ಚಿತ್ರ 2018ರಲ್ಲಿ ಬಂದಾಗ, ಆಫ್ರಿಕಾದ ವಕಾಂಡ ಎಂಬ ಕಾಲ್ಪನಿಕ ದೇಶವನ್ನಾಳುವ ಟಿಚಾಲಾ ಎಂಬ ರಾಜನ ಪಾತ್ರವನ್ನು ಮಾಡಿದವರು ಚಾಡ್ವಿಕ್ ಬೋಸ್‌ಮನ್. ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು 2016ರಲ್ಲಿಯೇ ಪತ್ತೆಯಾಗಿತ್ತು. ಶಸ್ತ್ರಚಿಕಿತ್ಸೆ, ಕಿಮೊಥೆರಪಿಗಳ ನಡುವೆಯೇ ಅವರು ಚಿತ್ರಗಳಲ್ಲಿ ನಟಿಸುತ್ತಿದ್ದರೆಂಬ ಸಂಗತಿ ಪ್ರೇಕ್ಷಕರಿಗೆ ತಿಳಿದದ್ದು 2020ರ ಆಗಸ್ಟ್ 28ರಂದು, 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿಯೊಂದಿಗೆ. ಎರಡನೆಯ ಭಾಗಕ್ಕೆ ನಿರ್ದೇಶಕ ರಯಾನ್ ಕೂಗ್ಲರ್ ಅಷ್ಟರಲ್ಲಿ ಚಿತ್ರಕಥೆಯೊಂದನ್ನು ಬರೆದಿದ್ದರು. ಅದನ್ನು ಬದಿಗಿಟ್ಟು, ಆ ಪಾತ್ರಕ್ಕೆ ಬೇರೆಯವರನ್ನು ತರುವುದಿಲ್ಲವೆಂದು ನಿರ್ಧರಿಸಿ, ರಾಜನ ಸಾವಿನಿಂದಲೇ ಹೊಸ ಕಥೆಯನ್ನು ಆರಂಭಿಸಿದರು.

ಬೇರೆ ನಟ ಬರಬೇಕಿತ್ತು ಎನ್ನುವವರ ವಾದವನ್ನು ತುಮಕೂರು ಜಿಲ್ಲೆಯವರಾದ ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆವು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ನೆಲ ಇದು. ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ರೈತರು, ಶಿಕ್ಷಕರು, ಅಂಗಡಿಯವರು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನು ಕಲಿತು, ಕೈಯಿಂದ ಹಣ ಹಾಕಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ದುರ್ಯೋಧನನ ಪಾತ್ರ ಮಾಡುತ್ತಿದ್ದ ಹಿರಿಯರು ತೀರಿಕೊಂಡರೆ, ಮುಂದಿನ ಸಲ ಆ ಗದೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಿಂದಿನವರ ಗತ್ತು ಇವನಿಗಿಲ್ಲ ಎಂದು ಮುಂದಿನ ಸಾಲಿನವರು ಗೊಣಗಿದರೂ ನಾಟಕ ಬೆಳಗಿನವರೆಗೆ ನಡೆದೇ ನಡೆಯುತ್ತದೆ. ಪಾತ್ರ ಯಾರೊಬ್ಬರ ಸ್ವತ್ತೂ ಅಲ್ಲವೆಂಬುದು ಆ ಪರಂಪರೆಯ ನಂಬಿಕೆ. ಕಪ್ಪು ಜನಾಂಗದ ಮಕ್ಕಳಿಗೆ ಟಿಚಾಲಾನಂತಹ ಘನತೆಯ ರಾಜ ಚಿತ್ರರಂಗದಲ್ಲಿ ಅಪರೂಪಕ್ಕೆ ದೊರೆತಿದ್ದ, ಅವನನ್ನು ನಟನೊಂದಿಗೇ ಮಣ್ಣು ಮಾಡಬೇಡಿ ಎಂದು ಅಮೆರಿಕದಲ್ಲಿ ಅನೇಕ ಅಭಿಮಾನಿಗಳು ಕೇಳಿಕೊಂಡದ್ದೂ ಇದೇ ನಂಬಿಕೆಯಿಂದ. ಹಾಗೆ ಕೇಳಿದವರನ್ನು ಹೃದಯಹೀನರೆಂದು ಜರೆದದ್ದು ಅನ್ಯಾಯ.

ಹೀಗಿದ್ದೂ ಆ ಹೊತ್ತಿಗೆ ಅದು ಸಾಧ್ಯವಿರಲಿಲ್ಲವೆಂದು ನಾನು ನಂಬುತ್ತೇನೆ, ಅದಕ್ಕೆ ಕಾರಣ ನಮ್ಮದೇ ಅನುಭವದಲ್ಲಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಅಗಲಿದರು. ಅವರ ‘ಜೇಮ್ಸ್’ ಮರುವರ್ಷ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಅಣ್ಣ ಶಿವರಾಜ್‌ಕುಮಾರ್ ಅವರ ಧ್ವನಿಯೊಂದಿಗೆ ಬಿಡುಗಡೆಯಾಯಿತು. ತಮ್ಮನ ತುಟಿಗೆ ಅಣ್ಣನೇ ಮಾತು ಕೊಟ್ಟಿದ್ದಾರೆಂಬ ಅರಿವು ನಮ್ಮ ಕಣ್ಣು ತುಂಬಿಸಿತು. ಅಷ್ಟಾದರೂ ಅಪ್ಪು ಅವರ ಸ್ವಂತ ಧ್ವನಿಯೇ ಬೇಕೆಂಬ ಹಂಬಲ ಉಳಿದೇ ಇತ್ತು. ಮುಂದೆ ತಂತ್ರಜ್ಞಾನದ ನೆರವಿನಿಂದ ಅವರ ಧ್ವನಿಯನ್ನು ರೂಪಿಸಿ ಚಿತ್ರವನ್ನು ಮತ್ತೆ ತೆರೆಗೆ ತಂದರು. ‘ಗಂಧದ ಗುಡಿ’ ತೆರೆಕಂಡದ್ದು 2022ರ ಅಕ್ಟೋಬರ್ 28ರಂದು. ಅಂದರೆ ‘ವಕಾಂಡ ಫಾರೆವರ್’ ಬಂದಾಗ, ಅಪ್ಪು ಅವರನ್ನು ಕೊನೆಯ ಬಾರಿ ಪರದೆಯ ಮೇಲೆ ಕಂಡು ಕನ್ನಡ ಪ್ರೇಕ್ಷಕರಿಗೆ ಎರಡೇ ವಾರ ಕಳೆದಿತ್ತು. ಒಡಹುಟ್ಟಿದವರ ಧ್ವನಿಯಿಂದಲೂ ತುಂಬದ ಜಾಗಕ್ಕೆ ಹೊಸ ಮುಖವೊಂದನ್ನು ತಂದು ನಿಲ್ಲಿಸಿದ್ದರೆ ನಾವು ಹೇಗೆ ಸ್ವೀಕರಿಸುತ್ತಿದ್ದೆವು ಎಂದು ಒಮ್ಮೆ ಯೋಚಿಸಿ. ಪಾತ್ರ ನಟನಿಗಿಂತ ದೊಡ್ಡದೆಂಬುದು ನಿಜವಾದರೂ, ಆ ನಿಜ ಮನಸ್ಸಿಗೆ ಒಗ್ಗಲು ಕಾಲ ಬೇಕಾಗುತ್ತದೆ.

ಈಗ ಅಳುವಿನ ವಿಷಯಕ್ಕೆ ಬರುತ್ತೇನೆ. ರಾಜನ ತಂಗಿ ಶೂರಿ ಪ್ರಯೋಗಾಲಯದಲ್ಲಿ ಅಣ್ಣನನ್ನು ಉಳಿಸುವ ಔಷಧಿಗಾಗಿ ಪರದಾಡುತ್ತಿರುವಾಗಲೇ ತಾಯಿ ಬಂದು ಸಾವಿನ ಸುದ್ದಿ ಹೇಳುತ್ತಾಳೆ. ಅಣ್ಣನ ಕೊನೆಯ ಗಳಿಗೆಯಲ್ಲಿ ಶೂರಿ ಅವನ ಪಕ್ಕದಲ್ಲಿರಲಿಲ್ಲ. ನಂತರ ಊರಿಗೆ ಊರೇ ಬಿಳಿ ಬಟ್ಟೆಯುಟ್ಟು, ಹಾಡುತ್ತ ಕುಣಿಯುತ್ತ ಶವಪೆಟ್ಟಿಗೆಯನ್ನು ಸಾಗಿಸುತ್ತದೆ. ಅದಾದ ಮೇಲೆ ಬರುವ ಮಾರ್ವೆಲ್ ಲಾಂಛನದಲ್ಲಿ ಎಂದಿನ ಸಂಗೀತವಿಲ್ಲ. ಬೋಸ್‌ಮನ್ ಅವರ ಚಿತ್ರಗಳಷ್ಟೇ ಇವೆ. ವರ್ಷ ಕಳೆದ ಮೇಲೆ ರಾಣಿ ರಮೋಂಡಾ ಮಗಳನ್ನು ನದಿಯ ದಂಡೆಗೆ ಕರೆದೊಯ್ದು, ಸೂತಕದ ಬಟ್ಟೆಯನ್ನು ಸುಟ್ಟು ಶೋಕದ ಅವಧಿಯನ್ನು ಮುಗಿಸೋಣ ಎನ್ನುತ್ತಾಳೆ. ಶೂರಿ ಒಪ್ಪುವುದಿಲ್ಲ. ಕುಳಿತು ಅಣ್ಣನನ್ನು ನೆನೆದರೆ ಲೋಕವನ್ನೇ ಸುಡುವಷ್ಟು ಸಿಟ್ಟು ತನ್ನೊಳಗಿದೆಯೆಂದು ಅವಳಿಗೆ ಗೊತ್ತು. ಹನ್ನೊಂದನೆಯ ದಿನ, ವರ್ಷದ ತಿಥಿ, ಮಹಾಲಯ ಅಮಾವಾಸ್ಯೆಯ ಎಡೆ ಎಂದು ದುಃಖಕ್ಕೆ ಕಟ್ಟಳೆಗಳನ್ನು ಮಾಡಿಕೊಂಡಿರುವ ನಮ್ಮ ಮನೆಗಳಲ್ಲಿ ಈ ದೃಶ್ಯಕ್ಕೆ ವಿವರಣೆಯೇ ಬೇಡ. ಶಾಸ್ತ್ರ ಮುಗಿದ ಮೇಲೂ ದುಃಖ ಮುಗಿಯದವರು, ಶಾಸ್ತ್ರ ಮಾಡಲೇ ಒಲ್ಲೆನೆಂದು ಹಟ ಹಿಡಿದವರು ನಮ್ಮ ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಸೂಪರ್‌ಹೀರೋ ಚಿತ್ರವೊಂದು ಇದನ್ನು ತನ್ನ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡದ್ದು ಧೈರ್ಯದ ಕೆಲಸ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಹಾಗಾದರೆ ಚಿತ್ರ ಎಳೆದಂತೆ ಅನ್ನಿಸುವುದೇಕೆ? ಅದರ ಅವಧಿ 161 ನಿಮಿಷ. ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಅಧಿಕಾರಿ ರಾಸ್ ಮತ್ತು ಅವನ ಮಾಜಿ ಪತ್ನಿ ವ್ಯಾಲಂಟೀನಾ ನಡುವಿನ ಸಂಭಾಷಣೆಗಳನ್ನು ತೆಗೆದುಹಾಕಿದರೆ ಶೂರಿಯ ಕಥೆಗೆ ಯಾವ ಕೊರತೆಯೂ ಆಗುವುದಿಲ್ಲ. ವಕಾಂಡದ ಅಪರೂಪದ ಲೋಹವನ್ನು ಹುಡುಕುವ ಯಂತ್ರ ಮಾಡಿದ ರಿರಿ ವಿಲಿಯಮ್ಸ್ ಎಂಬ ಜಾಣ ವಿದ್ಯಾರ್ಥಿನಿ ಕಥೆಗೆ ನೆಪವಾಗಿ ಬೇಕು, ಒಪ್ಪುತ್ತೇನೆ. ಆದರೆ ಅವಳ ಕವಚ, ಹಾರಾಟ, ಬೆನ್ನಟ್ಟುವಿಕೆಗೆ ಕೊಟ್ಟಿರುವ ಸಮಯ ಈ ಚಿತ್ರಕ್ಕಾಗಿ ಕೊಟ್ಟದ್ದಲ್ಲ. ‘ಐರನ್‌ಹಾರ್ಟ್’ ಎಂಬ ಅವಳದೇ ಸರಣಿ 2025ರಲ್ಲಿ ಬಂತು, ಅದಕ್ಕೆ ಇಲ್ಲಿಯೇ ಪೀಠಿಕೆ ಹಾಕಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಸಂಕಟದಲ್ಲಿ ಮುಳುಗಿರುವ ಪ್ರೇಕ್ಷಕನನ್ನು ಹೊರಗೆಳೆದು ಮುಂದಿನ ಸರಕನ್ನು ತೋರಿಸಿದಾಗ ಅವನಿಗೆ ಬೇಸರವಾಗುತ್ತದೆ. ಬೇಸರದ ಮೂಲ ಅಲ್ಲಿರುವಾಗ ನಾವು ದೂರನ್ನು ಅಳುವಿನ ಮೇಲೆ ಹಾಕುತ್ತಿದ್ದೇವೆ. ಸಿಂಹಾಸನದ ಮುಂದೆ ರಮೋಂಡಾ ಸೇನಾನಾಯಕಿ ಒಕೋಯೆಯನ್ನು ಪದವಿಯಿಂದ ಕಿತ್ತೊಗೆಯುವ ದೃಶ್ಯ ನೆನಪಿಸಿಕೊಳ್ಳಿ. ಅಲ್ಲಿ ಒಂದು ಏಟೂ ಬೀಳುವುದಿಲ್ಲ, ಆದರೂ ಉಸಿರು ಬಿಗಿಹಿಡಿದೇ ನೋಡುತ್ತೇವೆ. ಆ ಪಾತ್ರಕ್ಕಾಗಿ ಆಂಜೆಲಾ ಬ್ಯಾಸೆಟ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಮಾರ್ವೆಲ್ ಸ್ಟುಡಿಯೋಸ್ ಚಿತ್ರದ ನಟನೆಗೆ ಅಂತಹ ಗೌರವ ದೊರೆತದ್ದು ಅದೇ ಮೊದಲು.

ಖಳನಾಯಕ ಬಲವಾಗಿಲ್ಲ ಎಂಬ ಮಾತೂ ಕೇಳಿಬರುತ್ತದೆ, ಇದನ್ನು ನಾನು ಒಪ್ಪಲಾರೆ. ಕಾಮಿಕ್ಸ್‌ನಲ್ಲಿ ಅಟ್ಲಾಂಟಿಸ್ ಎಂಬ ಕಡಲಡಿಯ ಕಾಲ್ಪನಿಕ ರಾಜ್ಯದವನಾದ ಖಳ ನೇಮೋರ್‌ನನ್ನು ಕೂಗ್ಲರ್ ಮೆಕ್ಸಿಕೋ ಕಡೆಯ ಪ್ರಾಚೀನ ಮಾಯಾ ನಾಗರಿಕತೆಯ ವಂಶದವನನ್ನಾಗಿ ಮಾಡಿದರು. ಸ್ಪೇನಿನ ವಸಾಹತುಗಾರರು ತನ್ನ ತಾಯಿಯ ನೆಲದ ಜನರನ್ನು ಗುಲಾಮರನ್ನಾಗಿ ದುಡಿಸುವುದನ್ನು ಬಾಲ್ಯದಲ್ಲಿಯೇ ಕಂಡವನು ಅವನು. ಸಮುದ್ರದಡಿಯ ತನ್ನ ತಲೋಕಾನ್ ನಗರಕ್ಕೆ ಲೋಹ ಹುಡುಕುವ ಯಂತ್ರ ಇಳಿದುಬಂದಾಗ ಅವನಿಗೆ ಹುಟ್ಟುವ ಭಯ ಕಲ್ಪನೆಯದಲ್ಲ. ಅಕ್ರಮದ ಅತಿರೇಕದಿಂದಾಗಿ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ನಮ್ಮ ಜಿಲ್ಲೆಯಲ್ಲಿಯೂ ಅದಿರು ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದಿತ್ತು. ಚಿಕ್ಕನಾಯಕನಹಳ್ಳಿಯ ಕಡೆಯ ಗುಡ್ಡಗಳನ್ನು ಬಲ್ಲವರು ಅವನ ಸಿಟ್ಟನ್ನು ಕೇವಲ ಖಳನ ಸಿಟ್ಟೆಂದು ನೋಡಲಾರರು. ಅವನು ರಮೋಂಡಾಳ ಸಾವಿಗೆ ಕಾರಣನಾದ ಮೇಲೂ ಶೂರಿ ಕೊನೆಗೆ ಅವನನ್ನು ಕೊಲ್ಲದೆ ಬಿಡುತ್ತಾಳೆ. ಅದು ಸಪ್ಪೆಯಾಯಿತೆಂದು ಹಲವರಿಗೆ ಅನ್ನಿಸಿದೆ. ನನಗಂತೂ ಆ ಇಬ್ಬರನ್ನೂ ಬಲ್ಲ ಪ್ರೇಕ್ಷಕನಿಗೆ ಇನ್ಯಾವ ಮುಕ್ತಾಯವೂ ನ್ಯಾಯವೆನಿಸದು.

ಗಳಿಕೆಯ ಲೆಕ್ಕವನ್ನು ಮುಂದಿಡುವವರೂ ಇದ್ದಾರೆ. ಮೊದಲ ಚಿತ್ರ ಜಗತ್ತಿನಾದ್ಯಂತ 130 ಕೋಟಿ ಡಾಲರ್ ದಾಟಿತು, ಎರಡನೆಯದು ಸುಮಾರು 86 ಕೋಟಿ ಡಾಲರ್‌ಗೆ ನಿಂತಿತು. ನಾಯಕನೇ ಇಲ್ಲದ ಮುಂದುವರಿದ ಭಾಗಕ್ಕೆ ಇಷ್ಟು ಜನ ಬಂದರೆಂಬುದೇ ನನಗೆ ಮುಖ್ಯ.

ಕಥೆ ಮುಗಿದ ಮೇಲೆ ಬರುವ ಒಂದೇ ದೃಶ್ಯದಲ್ಲಿ ಹೈಟಿಯಲ್ಲಿ ಬೆಳೆಯುತ್ತಿರುವ ಟಿಚಾಲಾನ ಮಗ ಟೂಸಾನ್ ಕಾಣಿಸಿಕೊಳ್ಳುತ್ತಾನೆ, ತನ್ನ ಇನ್ನೊಂದು ಹೆಸರೂ ಟಿಚಾಲಾ ಎಂದೇ ಹೇಳುತ್ತಾನೆ. ಬೇರೆ ನಟ ಬೇಕೆಂದವರಿಗೆ ಇದು ಅರ್ಧ ಉತ್ತರ. ಹುಡುಗ ಬೆಳೆದು ದೊಡ್ಡವನಾಗುವಷ್ಟು ಕಾಲವನ್ನು ಕಥೆ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಆ ಸಿಂಹಾಸನ ಶೂರಿಗಾಗಲಿ, ಚಿತ್ರದ ಕೊನೆಯಲ್ಲಿ ಅದಕ್ಕಾಗಿ ಸವಾಲು ಹಾಕುವ ಜಬಾರಿ ಬುಡಕಟ್ಟಿನ ನಾಯಕ ಎಂಬಾಕುವಿಗಾಗಲಿ ನಿಜವಾಗಿ ಸೇರಿದ್ದಾಗಿರಬೇಕು ಎಂಬುದು ನನ್ನ ಅಪೇಕ್ಷೆ. ನೀವು ಈ ಹುಡುಗನನ್ನು ಮುಂದಿನ ಚಿತ್ರದಲ್ಲಿಯೇ ರಾಜನಾಗಿ ನೋಡಲು ಸಿದ್ಧರಿದ್ದೀರಾ, ಇಲ್ಲವೇ ಶೂರಿಯ ಕಥೆ ಇನ್ನೂ ಬಾಕಿಯಿದೆ ಎನ್ನುತ್ತೀರಾ? ಕಾರಣದೊಂದಿಗೆ ಬರೆದು ತಿಳಿಸಿ, ಒಂದೊಂದನ್ನೂ ಓದುತ್ತೇನೆ.