ನೀರಾವರಿ ಅಂದ್ರೆ ಯಾವ ನೀರಾವರಿ?

[ದೃಶ್ಯ: ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆ. ತೂಬಿನಿಂದ ಗದ್ದೆಗೆ ಇಳಿಯೋ ನೀರು.]

ಮಂಡ್ಯ ಜಿಲ್ಲೆಗೆ ಒಂದು ಅಭಿವೃದ್ಧಿ ಮಾದರಿ, ಅಂದ್ರೆ ಎಲ್ಲಿ ಏನು ಮಾಡ್ಬೇಕು ಅಂತ ಅಂಕಿಗಳಿಂದ ಲೆಕ್ಕ ಹಾಕೋ ಶೀಟು, ಮಾಡೋಣ ಅಂತ ಕೂತ್ರೆ ಮೊದಲು ಬರೋ ಪ್ರಶ್ನೆ: ನೀರಾವರಿ ಎಷ್ಟಿದೆ? ಎಕ್ಸೆಲ್‌ನಲ್ಲಿ "ನೀರಾವರಿ" ಅಂತ ಒಂದು ಕಾಲಂ ಹಾಕಿ ಮುಂದೆ ಹೋಗ್ಬಿಡ್ತೀವಿ. ಎಡವಟ್ಟು ಶುರುವಾಗೋದೇ ಅಲ್ಲಿ.

[ಬೋರ್ಡ್ ಮೇಲೆ ಒಂದು ಎಕರೆಯ ಚೌಕ]

ಈ ಒಂದು ಎಕರೇಲಿ ಮುಂಗಾರಿಗೆ ಭತ್ತ, ನಾಲೆಗೆ ನೀರು ಬಿಟ್ರೆ ಬೇಸಿಗೆಗೂ ಭತ್ತ. ನಿವ್ವಳ ನೀರಾವರಿ ಲೆಕ್ಕದಲ್ಲಿ ಇದು ಒಂದೇ ಎಕರೆ, ನೆಲ ಒಂದೇ ತಾನೆ? ಒಟ್ಟು ನೀರಾವರಿ ಲೆಕ್ಕದಲ್ಲಿ ಎರಡು, ಬೆಳೆ ಎರಡಾಯ್ತಲ್ಲ. ಪಕ್ಕದ ಎಕರೇಲಿ ಕಬ್ಬು. ವರ್ಷವೆಲ್ಲ ನೀರು ಕುಡಿದ್ರೂ ಅದರ ಲೆಕ್ಕ ಒಂದೇ! ಅಂದ್ರೆ ಒಟ್ಟು ನೀರಾವರಿ ಅಂಕಿ ನೋಡಿ ನೀರಿನ ಖರ್ಚು ಅಂದಾಜು ಮಾಡಿದ್ರೆ ಕಬ್ಬಿನ ಪಾಲು ತಪ್ಪಿಹೋಗುತ್ತೆ.

ಇನ್ನು ಅಚ್ಚುಕಟ್ಟು. ನಾಲೆಯಿಂದ ನೀರು ಕೊಡ್ಬೇಕು ಅಂತ ಯೋಜನೇಲಿ ಗುರುತಿಸಿರೋ ಜಮೀನು ಅದು. ಈ ವರ್ಷ ನೀರು ಬಂತೋ ಇಲ್ವೋ, ಕಾಗದದಲ್ಲಿ ಅಚ್ಚುಕಟ್ಟು ಹಾಗೇ ಇರುತ್ತೆ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿ ಕಡೆ ನಾಲೆ ಕೊನೆ ಭಾಗದವರು ನೀರಿಗೆ ಕಾಯೋದುಂಟು.

[ಬೋರ್ಡ್: ಭತ್ತ ÷ ಅಚ್ಚುಕಟ್ಟು]

ಈಗ ಬೆಳೆದ ಭತ್ತವನ್ನ ನೀರು ಕಂಡ ಜಮೀನಿನಿಂದ ಭಾಗಿಸೋ ಬದಲು ಇಡೀ ಅಚ್ಚುಕಟ್ಟಿನಿಂದ ಭಾಗಿಸಿ ನೋಡಿ. ಇಳುವರಿ ಕಮ್ಮಿ ಕಾಣುತ್ತೆ. ಮಾದರಿ ಹೇಳುತ್ತೆ: ಬೀಜ ಬದಲಾಯಿಸಿ, ಗೊಬ್ಬರಕ್ಕೆ ಸಬ್ಸಿಡಿ ಕೊಡಿ. ಆ ರೈತರಿಗೆ ಬೇಕಿದ್ದದ್ದು ಉಪನಾಲೆಯ ಹೂಳು ತೆಗೆಸೋದು! ಕೂಡಿಸೋದು, ಭಾಗಿಸೋದು ಎಲ್ಲಾ ಸರಿಯಾಗೇ ಇತ್ತು, ನೋಡಿ. ಇಂಥ ತಪ್ಪನ್ನ ಯಾವ ಸಾಫ್ಟ್‌ವೇರೂ ಹಿಡಿಯಲ್ಲ.

ವಿದ್ಯುತ್ತಿನದೂ ಇದೇ ಕತೆ. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯ್ತು. ನೂರು ವರ್ಷ ದಾಟಿದ ಮೇಲೆ, 2004ರಲ್ಲಿ ಕೇಂದ್ರ ಸರ್ಕಾರ ಮಾಡಿದ ವ್ಯಾಖ್ಯೆ ಪ್ರಕಾರ, ಲೈನು, ಟ್ರಾನ್ಸ್‌ಫಾರ್ಮರ್, ಶಾಲೆ-ಪಂಚಾಯ್ತಿಗೆ ಕರೆಂಟು, ಜೊತೆಗೆ ನೂರರಲ್ಲಿ ಹತ್ತು ಮನೆಗೆ ಸಂಪರ್ಕ ಇದ್ರೆ ಸಾಕು, ಊರು ವಿದ್ಯುದೀಕರಣ ಆದ ಹಾಗೆ. ಮಿಕ್ಕ ತೊಂಬತ್ತು ಮನೆ?

ಹಾಗಾಗಿ ನಿಮ್ಮ ಶೀಟಿನಲ್ಲಿ ಪ್ರತಿ ಕಾಲಂ ಪಕ್ಕ ಮೂರು ವಿಷಯ ಬರೆದಿಡಿ: ಏನನ್ನ ಎಣಿಸಿದ್ದು, ಯಾರು ಎಣಿಸಿದ್ದು, ಯಾವ ವರ್ಷ. ಎರಡು ಇಲಾಖೆ ಅಂಕಿ ಹೊಂದದೇ ಇದ್ರೆ ಸರಾಸರಿ ತೆಗೆಯೋಕೆ ಹೋಗ್ಬೇಡಿ. ಇಬ್ರೂ ಬೇರೆ ಬೇರೆ ಅರ್ಥದಲ್ಲಿ ಎಣಿಸಿರ್ತಾರೆ.

ಮುಂದಿನ ವಿಡಿಯೋದಲ್ಲಿ ಮೈಸೂರಿನ ಅಂಚಿನ ಊರುಗಳು. ಜನಗಣತಿ ಯಾವುದನ್ನ ಪಟ್ಟಣ ಅನ್ನುತ್ತೆ, ಪಂಚಾಯ್ತಿ ಇದ್ದೂ ಊರು ಪಟ್ಟಣದ ಲೆಕ್ಕಕ್ಕೆ ಹೇಗೆ ಸೇರುತ್ತೆ ಅಂತ ನೋಡೋಣ.