ಎಣ್ಣೆಗೆ ಎಷ್ಟು ಬಿಸಿ ಸಾಕು?

ನಮಸ್ಕಾರ ಕೇಳುಗರೇ. ರಿಫೈಂಡ್ ಎಣ್ಣೆ ತಿಳಿಯಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ಅಷ್ಟಕ್ಕೇ ಅದನ್ನು ಒಳ್ಳೆಯ ಎಣ್ಣೆ ಅನ್ನೋಕಾಗುತ್ತದಾ? ಕಾರ್ಖಾನೆಯಲ್ಲಿ ಅದನ್ನು ಎಷ್ಟು ಬಿಸಿ ಮಾಡಿದರು, ಎಷ್ಟು ಹೊತ್ತು ಮಾಡಿದರು ಅನ್ನೋದು ಬಾಟಲಿ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ಕಚ್ಚಾ ಎಣ್ಣೆಯ ಅಂಟು ತೆಗೆಯುತ್ತಾರೆ. ಆಮೇಲೆ ಕಾಸ್ಟಿಕ್ ಸೋಡಾ ಹಾಕಿದರೆ ಅದರಲ್ಲಿರುವ ಹುಳಿ, ಅಂದರೆ ಬಿಡಿ ಕೊಬ್ಬಿನಾಮ್ಲ, ಸಾಬೂನಾಗಿ ಬೇರೆಯಾಗುತ್ತದೆ. ಸೋಡಾ ಜಾಸ್ತಿಯಾದರೆ ಒಳ್ಳೆಯ ಎಣ್ಣೆಯೂ ಅದರ ಜೊತೆ ಹೋಗುತ್ತದೆ. ಅಂಟು ಉಳಿದರೆ ಮುಂದೆ ಬಿಸಿಗೆ ಎಣ್ಣೆ ಕಪ್ಪಾಗುತ್ತದೆ.

ಬಣ್ಣ ತೆಗೆಯಲು ಸುಮಾರು 100 ಡಿಗ್ರಿಯಲ್ಲಿ, ಗಾಳಿ ತಾಗದಂತೆ, ಒಂದು ಬಗೆಯ ಜೇಡಿಮಣ್ಣು ಬೆರೆಸಿ ಸೋಸುತ್ತಾರೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಎಣ್ಣೆ ಹಳಸಲು ಶುರುವಾದಾಗ ಹುಟ್ಟುವ ಪೆರಾಕ್ಸೈಡನ್ನು ಈ ಮಣ್ಣು ತೆಗೆದುಬಿಡುತ್ತದೆ, ಹಾಗಾಗಿ ಪೆರಾಕ್ಸೈಡ್ ಪರೀಕ್ಷೆಯಲ್ಲಿ ಹಳೆಯ ಎಣ್ಣೆಯೂ ಹೊಸದರ ಹಾಗೆ ಪಾಸಾಗುತ್ತದೆ. ಪೆರಾಕ್ಸೈಡ್ ಒಡೆದಾಗ ಉಳಿಯುವ ವಸ್ತುಗಳನ್ನು ಅಳೆಯುವ ಅನಿಸಿಡಿನ್ ಪರೀಕ್ಷೆಯನ್ನೂ ಮಾಡಿದರೆ ಅದರ ಹಿಂದಿನ ಕಥೆ ಸ್ವಲ್ಪ ಗೊತ್ತಾಗುತ್ತದೆ.

ನಿಜವಾದ ಕಸರತ್ತು ವಾಸನೆ ತೆಗೆಯುವಾಗ. 220ರಿಂದ 260 ಡಿಗ್ರಿ ಬಿಸಿ, ಹೊರಗಿನ ಗಾಳಿಯ ಒತ್ತಡದ ಸಾವಿರದಲ್ಲಿ ಎರಡರಿಂದ ಐದು ಪಾಲಿನಷ್ಟೇ ಒತ್ತಡ, ಕೆಳಗಿನಿಂದ ಹಬೆ. ವಾಸನೆ ಕೊಡುವ ವಸ್ತುಗಳು ಹಬೆಯ ಜೊತೆ ಹಾರಿಹೋಗುತ್ತವೆ. ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಒತ್ತಡ ಇಳಿಸಿದ ಸ್ಥಿತಿ, ಚೆನ್ನಾಗಿದ್ದರೆ ಕಡಿಮೆ ಬಿಸಿಯಲ್ಲೇ ಕೆಲಸ ಆಗುತ್ತದೆ. ಗಾಳಿ ಎಳೆಯುವ ಪಂಪ್ ಸರಿಯಿಲ್ಲ ಅನ್ನಿ, ಆಗ ಸುಲಭದ ದಾರಿ ಏನು? ಬಿಸಿ ಏರಿಸುವುದು. ವಾಸನೆ ಹೋಗುತ್ತದೆ, ನಿಜ, ಆದರೆ ಲಿನೋಲೆನಿಕ್ ಆಮ್ಲ ಇರುವ ಸೋಯಾ, ಕನೋಲಾ ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಹೆಚ್ಚುತ್ತದೆ, ಸುಮಾರು 230 ಡಿಗ್ರಿ ದಾಟಿದ ಮೇಲೆ ಗ್ಲೈಸಿಡಿಲ್ ಎಸ್ಟರ್ ಎಂಬ ಬೇಡದ ವಸ್ತುವೂ ಬೇಗ ಬೇಗ ಬೆಳೆಯುತ್ತದೆ. ತಾಳೆ ಎಣ್ಣೆಯಲ್ಲಿ ಈ ಎಸ್ಟರ್ ಹೆಚ್ಚಿನ ತಲೆನೋವು. ವಿಟಮಿನ್ ಇ ಕೂಡ ಹಬೆಯ ಜೊತೆ ಹೋಗುತ್ತದೆ. ಅದನ್ನೇ ಹಿಡಿದಿಟ್ಟು ಮಾತ್ರೆ ಮಾಡುವವರೂ ಇದ್ದಾರೆ, ತಮಾಷೆ ಅಲ್ವಾ!

ನನ್ನನ್ನು ಕೇಳಿದರೆ, ಬಿಸಿ ಏರಿಸುವ ಮೊದಲು ಪಂಪ್ ನೋಡಬೇಕು. ಕೊನೆಗೆ ಎಣ್ಣೆ ತಣ್ಣಗಾಗುವವರೆಗೂ ವ್ಯಾಕ್ಯೂಮ್ ಬಿಡಬಾರದು. ಸುಡು ಎಣ್ಣೆಗೆ ಗಾಳಿ ತಾಗಿದರೆ ಹಳಸುವ ಕೆಲಸ ಅಲ್ಲೇ ಮತ್ತೆ ಶುರುವಾಗುತ್ತದೆ.